ಎರಡನೇ ಪೊಟ್ಟಣದ ಹಸಿರು

ದೆವ್ವ, ಮಾಟ, ಕಣ್ಕಟ್ಟು ಎಂದು ಯಾರಾದರೂ ಹೇಳಲು ಕೂತರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದವಳು. ಓದಿದ್ದು ಏಳನೇ ಕ್ಲಾಸು. ಆದರೂ ಇಂಥದ್ದಕ್ಕೆಲ್ಲ ಪುರುಸೊತ್ತಿಲ್ಲ ಎನ್ನುವಷ್ಟು ಬುದ್ಧಿ ಇತ್ತು. ಈಗ ನೋಡಿದರೆ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ.

ನನ್ನ ತಮ್ಮ ದೂರದ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಕಡಲ ಬದಿಯ ಬಸಳೆಗೂ ಒಳಗಿನ ಊರಿನ ಬಸಳೆಗೂ ಎಲೆಯ ಬಣ್ಣದಲ್ಲಿ ಎಷ್ಟು ವ್ಯತ್ಯಾಸ ಎಂದು ಅಳೆಯುವುದು ಅವನ ಕೆಲಸ. ಎಲೆ ಅರೆದು, ಅದರ ರಸವನ್ನು ಸಪೂರ ಕೊಳವೆಯೊಳಗೆ ನೂಕುವ ಯಂತ್ರವಂತೆ. ಲಿಕ್ವಿಡ್ ಕ್ರೊಮಟೋಗ್ರಫಿ ಎಂಬ ಹೆಸರು ನನ್ನ ಬಾಯಿಗೆ ಬರಲು ಒಂದು ಮಳೆಗಾಲ ಹಿಡಿಯಿತು. ಹಸಿರು, ಹಳದಿ ಒಂದೊಂದೂ ಬೇರೆ ಬೇರೆ ಹೊತ್ತಿಗೆ ಹೊರಬಂದು ಕಾಗದದ ಮೇಲೆ ಗುಡ್ಡಗಳಂತೆ ಮೂಡುತ್ತವೆ. ಗುಡ್ಡ ದೊಡ್ಡದಾದಷ್ಟೂ ಬಣ್ಣ ಹೆಚ್ಚು.

ಎಲೆ ಕೀಳುವ ಕೆಲಸ ನನ್ನದು. ಪ್ರತಿ ಬುಧವಾರ ಬ್ರಹ್ಮಾವರದ ನಮ್ಮ ಮನೆಯ ಚಪ್ಪರದಿಂದ ಒಂದನೇ ಪೊಟ್ಟಣ. ಬಸ್ಸು ಹತ್ತಿ ಕಿರಿಮಂಜೇಶ್ವರಕ್ಕೆ ಹೋಗಿ, ಕಡಲ ಬದಿಯ ನೆಂಟರು ಶೇಷಕ್ಕನ ಚಪ್ಪರದಿಂದ ಎರಡನೆಯದು. ಬೆಳಕು ತಾಗದಂತೆ ಬೆಳ್ಳಿಕಾಗದ ಸುತ್ತಿ ಐಸಿನಲ್ಲಿಡಬೇಕು. ನಮ್ಮದು ಮೀನಿನ ವ್ಯಾಪಾರ, ಐಸಿಗೆ ಬರವಿಲ್ಲ. ಕಂಡಕ್ಟರನಿಗೆ ಮಾತ್ರ ನಾನೊಂದು ತಮಾಷೆ.

“ಹ್ವಾಯ್, ಪೆಟ್ಟಿಯಂಗೆ ಎಂತ? ಬಂಗ್ಡಿಯಾ?”

“ಬಸಳಿ.”

“ಬಸಳಿಗೂ ಐಸಾ! ನಮ್ಗ್ ಇಲ್ಲ್ ಒಂದ್ ಫ್ಯಾನಿಲ್ಲೆ ಮಾರಾಯ್ತಿ!”

ಇಡೀ ಬಸ್ಸು ನಗುತ್ತಿತ್ತು. ತಮ್ಮನದ್ದು ಫೋನಿನಲ್ಲಿ ಒಂದೇ ರಾಗ: ಎರಡನೆಯದನ್ನು ಹನ್ನೆರಡಕ್ಕೇ ಕಿತ್ತೆಯಾ, ತುದಿಯಿಂದ ನಾಲ್ಕನೇ ಎಲೆಯೇ ಹೌದಾ. ಬಸಳೆ ಎಂಬ ಶಬ್ದ ಕೇಳಿದರೆ ಮೈ ಉರಿಯುವ ಹಾಗಾಯಿತು.

ಒಂದು ಬುಧವಾರ ಬಸ್ಸು ಬಂತು, ಸೀಟೂ ಇತ್ತು, ನಾನು ಹತ್ತಲಿಲ್ಲ. ಜ್ವರವಿತ್ತು ಎನ್ನಬಹುದು, ಇರಲಿಲ್ಲ. ಮನೆಗೆ ಬಂದು ನಮ್ಮದೇ ಬಳ್ಳಿಯ ಎಲೆ ಕಿತ್ತು ಎರಡನೇ ಪೊಟ್ಟಣವನ್ನೂ ತುಂಬಿಸಿ ಮಲಗಿಬಿಟ್ಟೆ. ಸಂಜೆ ಎಂದಿನಂತೆ ತಮ್ಮ ಬಂದು ಪೆಟ್ಟಿ ಕೊಂಡುಹೋದ.

ಶನಿವಾರ ಫೋನು. “ಅಕ್ಕಾ, ಶೇಷಕ್ಕನ ಬಳ್ಳಿ ಹಳ್ದಿ ಆಯಿತ್ತಾ? ಎರಡ್ನೇ ಪೊಟ್ಟಣ ಬಿಚ್ಚುವಾಗ್ಲೇ ಎಲೆ ಬಿಳ್ಚಿಕಂಡಿತ್ತ್. ಹಸ್ರ್ ಗುಡ್ಡವೇ ಇಲ್ಲೆ ಕಾಣ್! ಮೂರ್ ಸಲ ಹಾಕಿ ಕಂಡೆ.”

ನಾನು ಕಿತ್ತದ್ದು ಕಡುಹಸಿರು ಎಲೆ. ಆದರೂ “ಹೌದ್, ಹಳ್ದಿ ಆಯಿತ್ತ್” ಎಂದುಬಿಟ್ಟೆ.

ಮುಂದಿನ ಬುಧವಾರ ಮೊದಲ ಬಸ್ಸಿಗೇ ಹೋದೆ. ಶೇಷಕ್ಕ ಅಂಗಳದಲ್ಲೇ ಹಿಡಿದರು. “ಹ್ವಾದ್ ಬುಧ್ವಾರ ಎಂತಕ್ ಬರ್ಲಿಲ್ಲೆ ಹೆಣ್ಣೆ? ಕಾದ್ ಕಾದ್ ಗಂಜಿ ತಣ್ದ್ ಹೋಯ್ತ್. ಇನ್ನ್ ಎಂತ ಕೀಳ್ತೆ? ಅದ್ರ ಮುಂಚಿನ್ ಆಯ್ತಾರವೇ ತೋಡ್ ಉಕ್ಕಿ ಉಪ್ನೀರ್ ನುಗ್ಗಿತ್ತ್.”

ಚಪ್ಪರವಿಡೀ ಹಳದಿಯಾಗಿ ಜೋತುಬಿದ್ದಿತ್ತು. ಅದನ್ನು ನಾನು ಕಂಡದ್ದು ಆಗಲೇ ಮೊದಲು. ಯಂತ್ರ ನಾಲ್ಕು ದಿನ ಮುಂಚೆಯೇ ಕಂಡಿತ್ತು.

ಹೇಗೆ ಎಂದು ಮಾತ್ರ ಕೇಳಬೇಡಿ. ಕೇಳಿ ಕೇಳಿ ನನ್ನ ತಲೆಯೇ ಕೆಟ್ಟಿದೆ. ಐಸು ಕರಗಿ ಎಲೆ ಹಾಳಾಯಿತೆಂದರೆ, ಅದೇ ಪೆಟ್ಟಿಯ ಒಂದನೇ ಪೊಟ್ಟಣ ಹಸಿರಾಗಿಯೇ ಇತ್ತು. ಯಂತ್ರ ಕೆಟ್ಟಿತ್ತೆಂದರೆ, ಮೂರು ಸಲವೂ ಒಂದೇ ಥರ ಕೆಡುತ್ತದೆಯೇ? ನಮ್ಮ ಮನೆಯ ಬಳ್ಳಿ ಇವತ್ತಿಗೂ ಹೊಟ್ಟೆ ಉರಿಯುವಷ್ಟು ಹಸಿರಾಗಿದೆ.

ತಮ್ಮನಿಗೋ ಅದು ಹಬ್ಬ. ಉಪ್ಪುನೀರು ಕುಡಿದ ಬಸಳೆ ಎಂದು ತನ್ನ ಸಂಶೋಧನೆಯ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದ. ಅದನ್ನು ಕಾಲೇಜಿಗೆ ಒಪ್ಪಿಸುವ ಹಿಂದಿನ ವಾರ ತಡೆಯಲಾರದೆ ಎಲ್ಲ ಹೇಳಿದೆ. ಅವನ ಮುಖ ಬಿಳುಚಿತು. “ಅದ್ ಹೌದಾರೆ ಇಡೀ ಅಧ್ಯಾಯ ಎತ್ತಿ ಬಿಸಾಡ್ಕ್” ಎಂದವನು ಆ ವಾರದ ಗುಡ್ಡಗಳ ಕಾಗದ ತೆಗೆದು ತುಂಬ ಹೊತ್ತು ನೋಡಿದ. ಆಮೇಲೆ ನಗಾಡಿದ.

“ಮನಿ ಎಲೆ ಆರೆ, ಹಸ್ರ್ ಎಲ್ಲ್ ಹೋಯ್ತ್ ಅಕ್ಕಾ? ಸುಮ್ನೆ ಹೆದ್ರಸ್ಬೇಡ.”

ಶೇಷಕ್ಕನನ್ನು ಕೇಳು ಎಂದೆ. ಅವರಿಗೆ ಈಗ ಮರೆವು ಎಂದ. ಮಕ್ಕಳ ಮೇಲೆ ಆಣೆ ಇಟ್ಟೆ. ಆಣೆಗೆ ಯಂತ್ರದಲ್ಲಿ ಗುಡ್ಡ ಬರುವುದಿಲ್ಲ ಎಂದ. ಪುಸ್ತಕ ಒಪ್ಪಿಸಿದ, ಹೆಸರಿನ ಮುಂದೆ ಡಾಕ್ಟರ್ ಬಂತು. ಆ ಬುಧವಾರ ಮಧ್ಯಾಹ್ನ ಕಿರಿಮಂಜೇಶ್ವರದಲ್ಲಿ ಎಲೆ ಕೀಳಲಾಯಿತು ಎಂದು ಅದರಲ್ಲಿ ಅಚ್ಚಾಗಿದೆ. ನಾನು ಹೋಗಿರಲಿಲ್ಲ. ಹೋಗಿರಲಿಲ್ಲ ಎಂದು ನಂಬುವವಳು ಈಗ ನಾನೊಬ್ಬಳೇ.