ಆ ಕಡೆಯ ಮಡಕೆ

ಮೊನ್ನೆ ಉಡುಮಲೈಪೇಟೆಯ ಸಂತೆಯಲ್ಲಿ ಒಬ್ಬ ಹೆಂಗಸು ಮಡಕೆ ಕೊಳ್ಳುತ್ತಿದ್ದಳು. ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು. ಚೆನ್ನಾಗಿ ಬೆಂದ ಮಡಕೆ ಕಂಚಿನ ಹಾಗೆ ಖಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಗಂಟಲು ಕಟ್ಟಿದವರ ಹಾಗೆ ಮಾತಾಡುತ್ತದೆ. ನಮ್ಮವ್ವ ಹೀಗೇ ತಟ್ಟುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಹಸಿ ಮಣ್ಣಿನ ತಂಪು, ಜಜ್ಜಿದ ಶುಂಠಿ, ಇಂಗು, ಕರಿಬೇವು ಎಲ್ಲ ಸೇರಿದ ನೀರುಮಜ್ಜಿಗೆಯ ಒಂದು ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ನಾಚಿಕೆಯೂ ಬಂತು. ಬಾಲ್ಯವನ್ನು ನೆನೆದು ಬಾಯಿ ಚಪ್ಪರಿಸುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನನ್ನ ನೆನಪಿನ ಮನೆಯೂ ಚೆಂದದ್ದೇ, ಅಲ್ಲಿದ್ದವರೂ ಒಳ್ಳೆಯವರೇ. ಆದರೆ ಆ ಮನೆಯೊಳಗೆ ತಲೆ ತಗ್ಗಿಸದೆ ಕಾಲಿಡಲು ನನಗೆ ಈ ವಯಸ್ಸಿನಲ್ಲೂ ಆಗಿಲ್ಲ.

ತಮಿಳು ಸೀಮೆಯಲ್ಲಿ, ಉಡುಮಲೈಪೇಟೆಯಿಂದ ಧಾರಾಪುರಕ್ಕೆ ಹೋಗುವ ಗಾಡಿ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ ಇತ್ತು. ಹಿಂದೆ ಹೊಲ, ಹೊಲದಾಚೆ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ, ಅದರಾಚೆ ಮತ್ತೆ ಹೊಲ. ನಮ್ಮ ಹಿರಿಯರು ಯಾವ ಕಾಲದಲ್ಲಿ ಮೈಸೂರು ಸೀಮೆಯಿಂದ ಇಳಿದು ಬಂದರೋ ಯಾರಿಗೂ ಗೊತ್ತಿರಲಿಲ್ಲ. ಹೊಸ್ತಿಲ ಒಳಗೆ ಕನ್ನಡ, ದಾಟಿದರೆ ತಮಿಳು. ಆ ಕನ್ನಡದಲ್ಲೂ ಅರ್ಧ ತಮಿಳೇ ಇತ್ತೆಂದು ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿ, ಅಲ್ಲಿ ಅಕ್ಷರ ಕಲಿತ ಮೇಲೆ ನನಗೆ ತಿಳಿಯಿತು. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬಾರದು, ಬರೆಯಲು ಬಾರದು. ಆದರೂ ಅದು ನಮಗೆ ಒಳಕೋಣೆ ಇದ್ದಂತೆ. ಕೂಲಿಯವರ ಮುಂದೆ, ಅಂಗಡಿಯವನ ಮುಂದೆ ಗುಟ್ಟು ಹೇಳಬೇಕಾದರೆ ನಾವು ಪಿಸುಗುಟ್ಟುತ್ತಿರಲಿಲ್ಲ. ಕನ್ನಡದಲ್ಲಿ ಹೇಳಿದರೆ ಬಾಗಿಲು ಹಾಕಿಕೊಂಡಷ್ಟೇ ಭದ್ರ ಎಂದುಕೊಂಡಿದ್ದೆವು.

ಬೇಸಗೆ ಬಂತೆಂದರೆ ಅಜ್ಜಿ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ತೆಂಗಿನ ಗರಿಯ ಚಪ್ಪರ ಹಾಕಿಸುತ್ತಿದ್ದಳು. ದಾರಿಹೋಕರಿಗೆ ಮಜ್ಜಿಗೆ ಕೊಡುವುದು ಅವಳ ಅತ್ತೆಯ ಕಾಲದಿಂದ ಬಂದ ನೇಮ. ಹತ್ತಿ ಮೂಟೆ ಹೇರಿಕೊಂಡು ತಿರುಪ್ಪೂರಿಗೆ ಹೋಗುವ ಗಾಡಿಯವರು ನಮ್ಮಲ್ಲಿ ಎತ್ತು ಬಿಚ್ಚಿ, ಮಜ್ಜಿಗೆ ಕುಡಿದು, ಅಜ್ಜಿಯ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಮುಂದೆ ಹೋಗುತ್ತಿದ್ದರು. ಸುತ್ತಲ ಊರಿನವರು ನಮ್ಮನ್ನು ಮಜ್ಜಿಗೆಯವರ ಮನೆಯವರು ಎಂದೇ ಕರೆಯುತ್ತಿದ್ದರು, ಅದು ನಮಗೆ ಜಮೀನಿಗಿಂತ ದೊಡ್ಡ ಆಸ್ತಿ. ಚಪ್ಪರದಲ್ಲಿ ಎರಡು ಕಡೆ ಇದ್ದವು. ರಸ್ತೆಯ ಮಗ್ಗುಲಿನದು 'ನಮ್ಮ ಕಡೆ'. ಅಲ್ಲಿ ಹಿತ್ತಾಳೆ ಚೊಂಬಿನಲ್ಲಿ ಕೊಡುತ್ತಿದ್ದರು. ಹೊಲದ ಮಗ್ಗುಲಿನದು 'ಆ ಕಡೆ'. ಊರ ಹೊರಗಿನ ಕೇರಿಯವರು ಅಲ್ಲಿ ಬಂದು ನಿಲ್ಲುತ್ತಿದ್ದರು. ಬೇಲಿಗೆ ಕಟ್ಟಿದ ಸೀಳುಬಿದಿರಿನ ದೋಣಿಯಲ್ಲಿ ಅಜ್ಜಿ ಈ ತುದಿಯಿಂದ ಮಜ್ಜಿಗೆ ಹೊಯ್ದರೆ ಅವರು ಆ ತುದಿಯಲ್ಲಿ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಎರಡು ಕಡೆಗೂ ಬೇರೆ ಬೇರೆ ಮಡಕೆ. ಮಜ್ಜಿಗೆ ಒಂದೇ, ಅದರಲ್ಲಿ ಅಜ್ಜಿ ಎಂದೂ ಭೇದ ಮಾಡಿದವಳಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಈಗ ಆ ಹೆಮ್ಮೆಯನ್ನು ಬರೆಯುವಾಗ ಕೈ ತಡೆಯುತ್ತದೆ.

ಆ ವರ್ಷಗಳಲ್ಲಿ ನಮ್ಮ ಜೋಳಕ್ಕೆ ಕಾಡಿಗೆ ರೋಗ ಅಂಟಿಕೊಂಡಿತ್ತು. ತೆನೆ ನೋಡಲು ತುಂಬಿಕೊಂಡಿರುತ್ತಿತ್ತು, ಹಿಸುಕಿದರೆ ಕಾಳಿನ ಬದಲು ಕಪ್ಪು ಪುಡಿ. ನಮಗೆ ಮಕ್ಕಳಿಗೆ ಅದು ಮೀಸೆ ಬರೆದುಕೊಳ್ಳುವ ಆಟವಾದರೆ ಅಪ್ಪನಿಗೆ ಎದೆಯುರಿ. ಅದಕ್ಕೆ ಸರ್ಕಾರದ ಬೇಸಾಯ ಇಲಾಖೆಯ ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಊರೂರು ಸುತ್ತಿ ಮೈಲುತುತ್ತ ಹಂಚುತ್ತಿದ್ದ. ನವಿಲಿನ ಕತ್ತಿನ ಬಣ್ಣದ ಹರಳು. ನೋಡಿದರೆ ನಾಲಗೆಗೆ ಹಾಕಿಕೊಳ್ಳಬೇಕೆನ್ನಿಸುವಷ್ಟು ಚೆಂದ. ಅದನ್ನು ನೀರಿನಲ್ಲಿ ಕರಗಿಸಿ, ಬಿತ್ತನೆಯ ಕಾಳನ್ನು ಸ್ವಲ್ಪ ಹೊತ್ತು ಮುಳುಗಿಸಿ, ನೆರಳಿನಲ್ಲಿ ಒಣಗಿಸಿ ಬಿತ್ತಬೇಕು. ಕಬ್ಬಿಣದ ಪಾತ್ರೆ ಆಗದು, ಮಣ್ಣಿನದೇ ಬೇಕು. ಕೈ ಹಾಕದೆ ಕೋಲಿನಲ್ಲಿ ಕಲಕಬೇಕು. ಉಳಿದ ಕಾಳನ್ನು ಮನುಷ್ಯರಾಗಲಿ ಕೋಳಿಯಾಗಲಿ ತಿನ್ನಕೂಡದು, ಉಳಿದ ನೀರನ್ನು ಬಾವಿಯಿಂದ ದೂರ ಗುಂಡಿ ತೋಡಿ ಸುರಿಯಬೇಕು. ಯಾರಾದರೂ ತಪ್ಪಿ ಕುಡಿದರೆ ಕೂಡಲೇ ಹಾಲು, ಮೊಟ್ಟೆಯ ಬಿಳಿ ಕುಡಿಸಬೇಕು. ಎಲ್ಲ ಮುಗಿದ ಮೇಲೆ ಆ ಮಡಕೆಯನ್ನು ಒಡೆದು ಹೂಳಬೇಕು, ಮಣ್ಣು ಮದ್ದನ್ನು ಕುಡಿದಿರುತ್ತದೆ, ತೊಳೆದರೆ ಹೋಗದು ಎಂದು ಅವನು ಎರಡೆರಡು ಸಲ ಹೇಳಿದ.

ಅಪ್ಪ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ, ಕೊನೆಯದೊಂದನ್ನು ಬಿಟ್ಟು. ಅವ್ವ ಸಂತೆಯಲ್ಲಿ ತಟ್ಟಿ ಆರಿಸಿ ತಂದಿದ್ದ ಹೊಸ ಮಡಕೆ ಅದು, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿ ಅದರಲ್ಲೇ ಕಾಳು ನೆನೆಸಿದ್ದರು. ಮರುವಾರದ ಬಿತ್ತನೆಗೂ ಬೇಕೆಂದು ನೀಲಿ ನೀರನ್ನು ಅದರಲ್ಲೇ ಇಟ್ಟಿದ್ದ ಅಪ್ಪ, ಬಿತ್ತನೆ ಮುಗಿದ ಸಂಜೆ ಅದನ್ನು ಗುಂಡಿಗೆ ಚೆಲ್ಲಿ, ಮಡಕೆ ಒಡೆಯಲು ಕಲ್ಲು ಎತ್ತಿಕೊಂಡ. ಅಜ್ಜಿ ಅಡ್ಡ ಬಂದಳು. ನಮ್ಮಲ್ಲಿ ಮಡಕೆ ಒಡೆಯುವುದು ಸುಡುಗಾಡಿನಲ್ಲಿ, ಹೆಣಕ್ಕೆ ಬೆಂಕಿ ಇಡುವ ಮುಂಚೆ.

"ಬಿತ್ತೋ ದಿನ ಮಡ್ಕೆ ಒಡೆಯದಾ? ಮನೇಲಿ ಯಾರ್ ಸತ್ತವ್ರೆ ಅಂತ?"

ಅಪ್ಪ ಕಲ್ಲು ಕೆಳಗಿಟ್ಟ. ಮಡಕೆ ದನದ ಕೊಟ್ಟಿಗೆಯ ಮೂಲೆ ಸೇರಿತು. ಒಣಗಿದ ಮೇಲೆ ಅದರ ಹೊರಮೈಯಲ್ಲಿ ಸಣ್ಣಗೆ ನೀಲಿ ಹುಡಿ ಮೂಡಿದ್ದನ್ನು ನಾನು ನೋಡಿದ್ದೆ. ಆ ಸಲ ಜೋಳ ಒಂದು ತೆನೆಯೂ ಕೆಡದೆ ಬಂತು, ಆ ಸಡಗರದಲ್ಲಿ ಮಡಕೆಯ ಮಾತು ಮನೆಯವರಿಗೆ ಮರೆತೇಹೋಯಿತು.

ಚಿತ್ರೆ ತಿಂಗಳ ಬೇಸಗೆಯ ಬಿಸಿಲಿನಲ್ಲಿ ಒಂದು ಬೆಳಿಗ್ಗೆ, ಆ ಕಡೆಯ ಮಡಕೆ ಬಿರುಕು ಬಿಟ್ಟು ಮಜ್ಜಿಗೆಯೆಲ್ಲ ಸೋರಿತು. ಅಜ್ಜಿ ಕೊಟ್ಟಿಗೆಯ ಮಡಕೆಯನ್ನು ತರಲು ಹೇಳಿದಳು. ಮದ್ದಿಗೆ ನಾವು ತಮಿಳಿನ ಮರುಂದು ಎಂಬ ಮಾತನ್ನೇ ಆಡುತ್ತಿದ್ದೆವು. "ಅದು ಮರುಂದು ಮಡ್ಕೆ ಅಲ್ವಾ ಅತ್ತೆ" ಎಂದಳು ಅವ್ವ. ಅಜ್ಜಿ, "ನಮ್ ಅಡ್ಗೆಗೆ ಬ್ಯಾಡ. ತೊಳ್ದು ಆ ಕಡೆಗಿಡು, ಆಯ್ತದೆ" ಎಂದಳು. ಅವ್ವ ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ಕೈ ಸೋಲುವ ತನಕ ತಿಕ್ಕಿದಳು. ಅವಳ ಮನಸ್ಸಿನಲ್ಲಿ ಕೇಡಿರಲಿಲ್ಲ, ಅಜ್ಜಿಯ ಮನಸ್ಸಿನಲ್ಲೂ ಇರಲಿಲ್ಲ. ನಮಗೆ ಬೇಡವಾದದ್ದು ಅವರಿಗೆ ಆಯ್ತದೆ ಎಂಬ ಮಾತು ನೀರು ಕುಡಿದಷ್ಟು ಸಲೀಸಾಗಿ ಬಾಯಿಂದ ಬಂತು, ಅಷ್ಟೇ. ಕೇಡಿದ್ದು ಹಾಗೆ ಹೇಳಿದ್ದರೆ ನನಗೆ ಇವತ್ತು ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ನಡುಹಗಲಿಗೆ ಹತ್ತಿ ಬಿಡಿಸುವ ಹೆಂಗಸರು ಹೊಲದಿಂದ ಬಂದರು. ಮುಂದೆ ವೇಲಾಯಿ. ಅವಳು ನಾನು ಹುಟ್ಟುವ ಮೊದಲಿನಿಂದ ನಮ್ಮ ಹೊಲದಲ್ಲಿ, ನಮ್ಮ ಹಿತ್ತಲಿನಲ್ಲಿ ದುಡಿದವಳು. ಜೊತೆಗೆ ಅವಳ ಮಗಳು ಪೊನ್ನಿ, ನನ್ನ ವಾರಿಗೆಯವಳು. ಬೇಲಿಯ ಆಚೆ ಈಚೆ ಕೂತು ನಾವಿಬ್ಬರೂ ಹುಣಸೆ ಬೀಜದ ಆಟ ಆಡುತ್ತಿದ್ದೆವು. ಬೆಳಿಗ್ಗೆಯಿಂದ ಬಿಸಿಲಿನಲ್ಲಿದ್ದ ಪೊನ್ನಿ ಬೊಗಸೆ ತೆಗೆಯದೆ ಕುಡಿದಳು, ಸಾಲದೆಂದು ಮತ್ತೂ ಕೇಳಿ ಕುಡಿದಳು. ವೇಲಾಯಿ ಎರಡು ಗುಟುಕಿಗೇ ನಿಲ್ಲಿಸಿ ಅಜ್ಜಿಯ ಕಡೆ ನೋಡಿದಳು.

"ಮೋರು ಕಸಕ್ಕುದುಂಗ ಆತ್ತಾ" ಎಂದಳು. ಮಜ್ಜಿಗೆ ಕಹಿ ಅನ್ನಿಸುತ್ತದೆ ತಾಯಿ ಎಂದು, ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ.

ಕರಿಬೇವು ಜಾಸ್ತಿಯಾಗಿರಬೇಕು ಎಂದು ಅಜ್ಜಿ ತಮಿಳಿನಲ್ಲೇ ಸಮಾಧಾನ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ನೋಡಿದ್ಯಾ, ಧರ್ಮದ ಮಜ್ಗೇಲೂ ರುಸಿ ಕೇಳ್ತಾಳೆ ಇವ್ಳು" ಎಂದಳು. ನಾವೆಲ್ಲ ನಕ್ಕೆವು. ವೇಲಾಯಿ ತಲೆ ಬಗ್ಗಿಸಿ ಬೊಗಸೆಯಲ್ಲಿ ಉಳಿದದ್ದನ್ನು ಕುಡಿದಳು.

ಬಿಸಿಲು ಇಳಿಯುವ ಮುಂಚೆ ಕೇರಿಯ ಗಂಡಸರು ಬಂದು ಹುಣಸೆಮರದ ಹತ್ತಿರ ನಿಂತರು. ಕುಡಿದವರೆಲ್ಲ ಕೇರಿಯಲ್ಲಿ ವಾಂತಿ ಮಾಡಿಕೊಂಡು ಹೊಟ್ಟೆ ಹಿಡಿದು ಬಿದ್ದಿದ್ದರಂತೆ. ಗಂಡಸರ ಜೊತೆ ಬಂದ ವೇಲಾಯಿ ತಾನೇ ನಿಲ್ಲಲಾರದೆ ನಿಂತು, ಪೊನ್ನಿಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು. ಹುಡುಗಿಯ ಕತ್ತು ಜೋತಾಡುತ್ತಿತ್ತು. ಅವಳ ಬಟ್ಟೆಯ ಮೇಲಿನ ವಾಂತಿಯಲ್ಲಿ ಹಸಿರು ಬೆರೆತ ನೀಲಿ ಇತ್ತು. ಅದೇ ಹೊತ್ತಿಗೆ ಅಪ್ಪ ತಿರುಪ್ಪೂರಿನಿಂದ ಬಂದು ಗಾಡಿಯಿಂದ ಇಳಿದ. ಆ ಬಣ್ಣ ನೋಡಿದವನೇ ಚಪ್ಪರಕ್ಕೆ ಹೋದ, ಮಡಕೆಯ ತಳದಲ್ಲಿದ್ದ ಮಜ್ಜಿಗೆಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಉಗಿದ. ಬಂದು ಜಗಲಿಯ ಮೇಲೆ, ಅವರೆಲ್ಲರ ಎದುರಿನಲ್ಲೇ, ಅಜ್ಜಿಗೆ ಕನ್ನಡದಲ್ಲಿ ಹೇಳಿದ.

"ಅವ್ವಾ, ಅದು ಮರುಂದು ಮಡ್ಕೆ. ಒಡ್ದಾಕಿ ಅಂತ ಅವತ್ತೇ ಹೇಳಿದ್ನಲ್ಲ ಆ ಸೈಕಲ್ ಮನ್ಸ."

"ಮೆಲ್ಲಗ್ ಮಾತಾಡು" ಎಂದಳು ಅಜ್ಜಿ.

"ಇವ್ರಿಗೆಲ್ಲಿ ತಿಳೀತದೆ" ಎಂದ ಅಪ್ಪ. ಆಮೇಲೆ ಅವರ ಕಡೆ ತಿರುಗಿ ತಮಿಳಿನಲ್ಲಿ, ಈ ಸಲದ ಬಿಸಿಲು ಯಾರನ್ನೂ ಬಿಡುತ್ತಿಲ್ಲ, ಬರಿ ಹೊಟ್ಟೆಗೆ ತಣ್ಣಗಿನದು ಕುಡಿದರೆ ಹೀಗೇ ಆಗುತ್ತದೆ ಎಂದ. ಕರೆದ ಹಾಲನ್ನೆಲ್ಲ ಒಂದು ಕೊಡಕ್ಕೆ ಸುರಿಸಿ, ಮನೆಯಲ್ಲಿದ್ದ ಮೊಟ್ಟೆಗಳನ್ನೂ ಕೊಟ್ಟು, ಇವುಗಳ ಬಿಳಿಯನ್ನು ಹಾಲಿಗೆ ಕಲಸಿ ಎಲ್ಲರಿಗೂ ಕುಡಿಸಿರಿ, ಬಿಸಿಲ ಬೇಗೆಗೆ ಒಳ್ಳೆಯದು ಎಂದ. ಮದ್ದು ಸರಿಯಾದದ್ದೇ ಕೊಟ್ಟ, ಕಾಯಿಲೆಯ ಹೆಸರು ಮಾತ್ರ ಸುಳ್ಳು ಹೇಳಿದ. ವೇಲಾಯಿ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಸಂಕಟದಿಂದ ಹಾಗೆ ನೋಡುತ್ತಿದ್ದಾಳೆ ಎಂದುಕೊಂಡೆ.

ಪೊನ್ನಿ ಬದುಕಿದಳು. ಬಹಳ ದಿನ ಮಲಗಿದ್ದಳಂತೆ, ಕಣ್ಣು ಹಳದಿಯಾಗಿತ್ತಂತೆ. ಬೇಲಿಯ ಹತ್ತಿರಕ್ಕೆ ಮತ್ತೆ ಅವಳು ಆಟಕ್ಕೆ ಬರಲಿಲ್ಲ. ಆ ವರ್ಷ ಚಪ್ಪರ ಮುಚ್ಚಿತು, ಮಡಕೆ ಮತ್ತೆ ಕೊಟ್ಟಿಗೆಗೆ ಹೋಯಿತು. ಆಗಲಾದರೂ ಒಡೆಯಬಹುದಿತ್ತು. ಒಡೆದರೆ ಯಾಕೆ ಒಡೆದಿರಿ ಎಂದು ಯಾರಾದರೂ ಕೇಳುತ್ತಾರೆ ಎಂದು ಅಪ್ಪ ಬೇಡವೆಂದ. ಮೊದಲು ಅಪಶಕುನಕ್ಕೆ ಹೆದರಿ ಒಡೆಯದೆ ಇದ್ದೆವು, ಆಮೇಲೆ ಮಾನಕ್ಕೆ ಹೆದರಿ.

ಮರುವರ್ಷ ಅಜ್ಜಿ ಮತ್ತೆ ಚಪ್ಪರ ಹಾಕಿಸಿದಳು. ಎರಡು ಕಡೆಗೂ ಹೊಚ್ಚ ಹೊಸ ಮಡಕೆ. ಗಾಡಿಯವರು ಎಂದಿನಂತೆ ಬಂದರು. ಆ ಕಡೆ ಮಾತ್ರ ಯಾರೂ ಬರಲಿಲ್ಲ. ಹತ್ತಿ ಬಿಡಿಸಿ ಬಂದ ಹೆಂಗಸರು ಒಣಗಿದ ತುಟಿಯಲ್ಲೇ ಚಪ್ಪರವನ್ನು ಹಾದು, ದೂರದ ಕಾಲುವೆಯ ಕಡೆ ನಡೆದುಬಿಡುತ್ತಿದ್ದರು. ಕೆಲಸಕ್ಕೆ ಕರೆದರೆ ಬರುತ್ತಿದ್ದರು, ಮಾತಾಡಿಸಿದರೆ ಮಾತಾಡುತ್ತಿದ್ದರು, ಕುಡಿಯಲು ಮಾತ್ರ ನಿಲ್ಲುತ್ತಿರಲಿಲ್ಲ. ಸಂಜೆ ತುಂಬಿದ ಮಡಕೆಯನ್ನು ದನಗಳ ಬಾನಿಗೆ ಸುರಿಯುವಾಗ ಅಜ್ಜಿಯ ಮುಖ ನೋಡಲಾಗುತ್ತಿರಲಿಲ್ಲ. ಅವಳಿಗೆ ಊಟ ಸೇರದಾಯಿತು. ಕೊನೆಗೆ ಒಂದು ಮಧ್ಯಾಹ್ನ ನಮ್ಮ ಅಡಿಗೆಮನೆಯ ಹಿತ್ತಾಳೆ ಚೊಂಬಿನಲ್ಲೇ ಮಜ್ಜಿಗೆ ತುಂಬಿಕೊಂಡು, ನನ್ನ ಕೈ ಹಿಡಿದು, ಹುಟ್ಟಿದಂದಿನಿಂದ ಕಾಲಿಡದ ಕೇರಿಯ ದಾರಿ ಹಿಡಿದಳು.

ವೇಲಾಯಿ ತನ್ನ ಗುಡಿಸಿಲ ಮುಂದೆ ಕೂತು ಪೊನ್ನಿಯ ತಲೆ ಬಾಚುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ಅಜ್ಜಿ ಚೊಂಬನ್ನು ಮುಂದೆ ಹಿಡಿದು, ಇದು ನಮ್ಮ ಮನೆಯೊಳಗಿನದು, ನಾವು ಕುಡಿಯುವುದು ಇದನ್ನೇ, ನಿನ್ನ ಮಗಳಿಗೆ ಕೊಡು ಎಂದು ತಮಿಳಿನಲ್ಲಿ ಹೇಳಿದಳು. ವೇಲಾಯಿ ಕೈ ಚಾಚಲಿಲ್ಲ. ಚೊಂಬನ್ನು ನೋಡಿ, ಅಜ್ಜಿಯನ್ನು ನೋಡಿ, ನಮ್ಮದೇ ಕನ್ನಡದಲ್ಲಿ, ಅಜ್ಜಿ ಎಳೆಯುವ ಹಾಗೆಯೇ ಮಾತನ್ನು ಎಳೆದು ಕೇಳಿದಳು.

"ಆ ಮಡ್ಕೆ ಒಡ್ದ್ರಾ ಆತ್ತಾ?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿಯಬೇಕಾದವಳ ಹಾಗೆ ಕೇಳಿದಳು. ಅಷ್ಟು ವರ್ಷ ಅವಳ ಎದುರಿಗೆ ನಾವು ಆಡಿದ ಮಾತುಗಳೆಲ್ಲ, ಅವಳ ಸೀರೆಯ ಬಗ್ಗೆ, ಅವಳ ಕೇರಿಯ ಬಗ್ಗೆ, ಧರ್ಮದ ಮಜ್ಜಿಗೆಯ ಬಗ್ಗೆ, ಜಗಲಿಯ ಮೇಲೆ ಅಪ್ಪ ಹೇಳಿದ್ದು, ಎಲ್ಲ ಒಮ್ಮೆಗೇ ನಮ್ಮ ಮೈಮೇಲೆ ಬಿದ್ದವು. ಅಜ್ಜಿ ಚಾಚಿದ್ದ ಚೊಂಬನ್ನು ಹಿಂದಕ್ಕೆಳೆದುಕೊಳ್ಳುವಾಗ ಮಜ್ಜಿಗೆ ಅವಳ ಪಾದದ ಮೇಲೆ ಚೆಲ್ಲಿತು. ಪೊನ್ನಿ ನನ್ನ ಕಡೆ ನೋಡಲಿಲ್ಲ. ಚೊಂಬನ್ನು ಹಾಗೇ ಹಿಡಿದುಕೊಂಡು ನಾವು ತಿರುಗಿ ಬಂದೆವು.

ಆ ಮನೆ ಈಗ ಇಲ್ಲ. ಅಲ್ಲಿ ಯಾರದೋ ತೆಂಗಿನಕಾಯಿ ಮಂಡಿ ಎದ್ದಿದೆ, ಹುಣಸೆಮರ ರಸ್ತೆ ಅಗಲವಾದಾಗ ಹೋಯಿತು. ನನ್ನ ತಮ್ಮನ ಮೊಮ್ಮಕ್ಕಳಿಗೆ ಕನ್ನಡ ಬಾರದು, ನಾನು ಮಾತಾಡಿಸಿದರೆ ನಕ್ಕು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಆ ಮನೆಯ ಕನ್ನಡವನ್ನು ಒಂದು ಸಲ ಕೇಳಬೇಕೆಂದು ಕಣ್ಣು ಮುಚ್ಚಿ ಕೂತರೆ ಅಜ್ಜಿಯ ದನಿ ಬರುವುದಿಲ್ಲ, ಅವ್ವನದೂ ಬರುವುದಿಲ್ಲ. ವೇಲಾಯಿಯ ಆ ಒಂದು ಪ್ರಶ್ನೆಯೇ ಮೊದಲು ಬರುತ್ತದೆ. ಕೇರಿಯಿಂದ ಬಂದ ಆ ಸಂಜೆಯೇ ಅಜ್ಜಿ ಕೊಟ್ಟಿಗೆಯಿಂದ ಮಡಕೆಯನ್ನು ತಾನೇ ಹೊತ್ತು ತಂದಳು. ಯಾಕೋ ಒಮ್ಮೆ ಬೆರಳಿನಿಂದ ತಟ್ಟಿದಳು. ಒಂದು ಬಿರುಕೂ ಇಲ್ಲದ ಮಡಕೆ, ಖಣ್ ಎಂದಿತು. ಆಮೇಲೆ ಅದನ್ನು ಕಲ್ಲಿನ ಮೇಲೆ ಎತ್ತಿ ಹಾಕಿದಳು. ಚೂರುಗಳನ್ನು ಅಪ್ಪ ಗುಂಡಿ ತೋಡಿ ಹೂತ. ಒಡೆದೆವು ಎಂದು ವೇಲಾಯಿಗೆ ಹೇಳಲು ಮಾತ್ರ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.