ನೀರಿನ ಟಾಕಿಯಲ್ಲಿ ಜೋಳದ ಹಿಟ್ಟು

ಯಲಬುರ್ಗಾದಿಂದ ಕೊಪ್ಪಳಕ್ಕೆ ಬಸ್ಸು ಓಡಿಸುತ್ತಿದ್ದ ಆದೆಪ್ಪ ಮೊದಲು ಬಂಡಿ ಹೊಡೆಯುತ್ತಿದ್ದವನು. ಎತ್ತು ಬಳಲಿದರೆ ಜೋಳದ ಹಿಟ್ಟು ಕಲಸಿ ತಿನಿಸಿದವನು ಬಸ್ಸಿಗೂ ಅದೇ ಮದ್ದು ಕಂಡುಕೊಂಡಿದ್ದ. ಎಂಜಿನ್ನನ್ನು ತಂಪಾಗಿಡುವ ಮುಂದಿನ ನೀರಿನ ಟಾಕಿ ಸೋರಿದರೆ ಒಂದು ಹಿಡಿ ಹಿಟ್ಟು ಒಳಗೆ ಸುರಿಯುತ್ತಿದ್ದ. ಹಿಟ್ಟು ತೂತಿಗೆ ಮೆತ್ತಿಕೊಂಡು ಸೋರುವುದು ನಿಲ್ಲುತ್ತಿತ್ತು. ಈ ವಿದ್ಯೆಯ ಬಗ್ಗೆ ಅವನಿಗೆ ಬಲು ಜಂಬ. "ಮನಿ ಮಂದಿಗಿಂತ ಬಸ್ಸಿಗೇ ಹಿಟ್ಟು ಹೆಚ್ಚಾತು" ಎಂದು ಹೆಂಡತಿ ಹುಲಗಮ್ಮ ಬೈದರೂ ನಗುತ್ತಿದ್ದ.

ದೊಡ್ಡ ಯುದ್ಧದ ಕಾಲ. ಒಮ್ಮೆ ಎಂಜಿನ್ನಿನ ಮೇಲುಮುಚ್ಚಳ, ಹೆಡ್ಡು, ಬಿರುಕು ಬಿಟ್ಟಿತು. ಕೊಪ್ಪಳದ ಮೇಸ್ತ್ರಿ ಉಮರಸಾಬ ಬಂದು ಹೊಸ ಹೆಡ್ಡು ಕೂರಿಸಿ ಹೋದ. ಮರುದಿನ ಬಸ್ಸಿಗೆ ಆದೆಪ್ಪನ ಓಣಿಯ ಮುದುಕಿ ಫಕೀರಮ್ಮ ಬರುವವಳಿದ್ದಳು. ಅವಳಿಗೆ ಒಬ್ಬನೇ ಮಗ, ಗವಿಸಿದ್ದಪ್ಪ. ಫೌಜಿಗೆ ಸೇರಿದ್ದ ಅವನು ಮಧ್ಯಾಹ್ನದ ರೈಲಿನಲ್ಲಿ ಕೊಪ್ಪಳ ಹಾದು ಲಡಾಯಿಗೆ ಹೊರಟಿದ್ದ. ಸ್ಟೇಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತು ಮಗನ ಮುಖ ನೋಡಬಹುದಿತ್ತು. ಅವಳಿಗೆ ದಾರಿಯಲ್ಲಿ ತೊಂದರೆ ಆಗಬಾರದೆಂದು ಆದೆಪ್ಪ ಹೊರಡುವ ಮುನ್ನ ಒಂದರ ಮೇಲೊಂದು ನಾಲ್ಕಾರು ಹಿಡಿ ಹಿಟ್ಟು ಹಾಕಿದ. ಪುಣ್ಯಾತ್ಮ, ಅವತ್ತು ಟಾಕಿ ಸೋರುತ್ತಲೇ ಇರಲಿಲ್ಲ!

ಊರು ದಾಟಿ ಎರೆಹೊಲಗಳ ನಡುವೆ ಬರುತ್ತಲೇ ಟಾಕಿ ಕೊತಕೊತ ಕುದಿಯಿತು. ಆದೆಪ್ಪ ಮೊದಲು ಉಮರಸಾಬನನ್ನು ಬೈದ. ಹೊಸ ಹೆಡ್ಡಿನ ಬೋಲ್ಟುಗಳನ್ನು ಇನ್ನಷ್ಟು ಬಿಗಿದ. ಫ್ಯಾನಿನ ಬೆಲ್ಟು ಎಳೆದು ನೋಡಿದ, ಸರಿಯಾಗಿಯೇ ಇತ್ತು. ಗಂಡಸರು ಹಳ್ಳಕ್ಕಿಳಿದು, ಉಸುಕಿನಲ್ಲಿ ವರತಿ ತೋಡಿ, ನೀರು ಊರುವವರೆಗೆ ಕಾದು, ಕೊಡ ತುಂಬಿ ತಂದು ಸುರಿದರು. ಬಸ್ಸು ಕೂಗಳತೆ ಹೋಗಿ ಮತ್ತೆ ಕುದಿಯಿತು. ಮತ್ತೆ ಹಳ್ಳ, ಮತ್ತೆ ಕೊಡ. ಹೊತ್ತು ನೆತ್ತಿಗೆ ಬಂತು.

ಕೊನೆಗೆ ಅವನು ಟಾಕಿಯ ಕೆಳಗಿನ ನಳ ತಿರುವಿದ. ನೀರು ಬರಲಿಲ್ಲ. ತಂತಿ ಹಾಕಿ ತಿವಿದಾಗ ಗಟ್ಟಿ ಅಂಬಲಿ ಇಳಿಯಿತು, ಹದವಾಗಿ ಬೆಂದಿತ್ತು. ಮಂದಿ ಹೋ ಎಂದು ನಕ್ಕರು. ಆದೆಪ್ಪನಿಗೆ ಅಳು ಬಂತು. ಎಷ್ಟು ತೊಳೆದರೂ ಒಳಗಿನ ಸಣ್ಣ ಕೊಳವೆಗಳು ಬಿಚ್ಚಿಕೊಳ್ಳಲಿಲ್ಲ.

ಹೊತ್ತು ವಾಲಿತು. ರೈಲು ಹೋಗಿಬಿಟ್ಟಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಈಗ ಯಾರೂ ನಗಲಿಲ್ಲ, ಮುದುಕಿಯ ಕಡೆ ನೋಡಲೂ ಇಲ್ಲ. "ನನ್ನಿಂದ ತಪ್ಪಾತ ಯವ್ವಾ" ಎಂದು ಆದೆಪ್ಪ ಅವಳ ಕಾಲ ಬಳಿ ಕುಸಿದ.

ರೈಲನ್ನು ಎಂದೂ ಕಾಣದ ಫಕೀರಮ್ಮ ಅವನ ಬೆನ್ನು ಸವರಿದಳು. "ಅಳಬ್ಯಾಡೋ ತಮ್ಮಾ, ಸಾವಕಾಶ ಮಾಡು. ನಮ್ಮ ಬಾಜೂ ಮನಿ ಹೊಳಿಯಮ್ಮ ಜಳಕಾ ಮಾಡಿ ಬರೂತನಾ ನೀ ಬಸ್ಸು ನಿಲ್ಲಸ್ತಿ. ಮಗನ್ನ ಲಡಾಯಿಗೆ ಒಯ್ಯಾವರು, ಹಡದಾಕಿ ಬರೂತನಾ ರೈಲು ನಿಲ್ಲಸೂದಿಲ್ಲೇನು?"

ಆದೆಪ್ಪ ಕೊಡ ಎತ್ತಿಕೊಂಡು ಮತ್ತೆ ಹಳ್ಳಕ್ಕಿಳಿದ.