ಹೊಟ್ಟೆಬನ್ನಿನ ಕಮಲಿ

ಹೊನ್ನಾವರ ಬಂದರದ ಮೀನುಗಾರರ ಕೇರಿಯಲ್ಲಿ ಕಮಲಿಯ ಸಿಟ್ಟಿಗೆ ಹೆದರದವರು ಇರಲಿಲ್ಲ. ಮೂಗಿನ ತುದಿಯಲ್ಲಿ ಕೋಪ ಅನ್ನುತ್ತಾರಲ್ಲ, ಇವಳದು ಅಲ್ಲಿಂದಲೂ ಇಳಿದು ನಾಲಿಗೆಯ ಮೇಲೇ ಕೂತಿತ್ತು. ಗಂಡ ಸಮುದ್ರದ ಪಾಲಾದ ಮೇಲೆ ಮಗಳು ಲಕ್ಕಿಯನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬೊಂಬಾಯಿಗೆ ಹೋದಳು, ಒಬ್ಬ ಜರ್ಮನ್ ಇಂಜಿನಿಯರನ ಮನೆಯಲ್ಲಿ ವರ್ಷಗಟ್ಟಲೆ ಕೆಲಸಕ್ಕಿದ್ದಳು. ಅರವತ್ತೊಂದನೇ ಇಸವಿಯಲ್ಲಿ, ಲಕ್ಕಿಗೆ ಗಂಡು ನೋಡುವ ವಯಸ್ಸಾಯಿತೆಂದು ವಾಪಸು ಬಂದಳು. ಬರುವಾಗ ಆ ಮನೆಯಿಂದ ತಂದದ್ದು ಒಂದು ಅಡುಗೆ ಮಾತ್ರ.

ಅದು ಒಳಗೆ ಪಲ್ಯ ತುಂಬಿದ ಬನ್ನು. ಆ ಮನೆಯ ಯಜಮಾನಿ ಅದಕ್ಕೇನೋ ಜರ್ಮನ್ ಹೆಸರು ಹೇಳುತ್ತಿದ್ದಳು, ಕಮಲಿಯ ನಾಲಿಗೆ ಅದಕ್ಕೆ ಹೊರಳಲಿಲ್ಲ. ಕೇರಿಯ ಮಕ್ಕಳು ಹೊಟ್ಟೆಬನ್ನು ಅಂದವು, ಅದೇ ನಿಂತಿತು. ಯಜಮಾನಿ ಒಳಗೆ ಕೊಚ್ಚಿದ ದನದ ಮಾಂಸ ತುಂಬಿಸುತ್ತಿದ್ದಳು. ಕಮಲಿ ಅದನ್ನು ಮಾಡಿ ಬಡಿಸಿದಳೇ ಹೊರತು ಒಂದು ದಿನವೂ ಬಾಯಿಗಿಡಲಿಲ್ಲ. ತನಗೆ ಬೇಕಾದರೆ ಸಿಗಡಿ ಹಾಕಿ ಬೇರೆ ಮಾಡಿಕೊಳ್ಳುತ್ತಿದ್ದಳು. ಕೇರಿಯವರು ಶೆಟ್ಲಿ ಅನ್ನುವ ಅದೇ ಸಿಗಡಿ. ಊರಲ್ಲೂ ಅದನ್ನೇ ಹಾಕಿದಳು. ಕೋಬಿ ಅನ್ನುವ ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ, ನೀರುಳ್ಳಿ ಬಾಡಿಸಿ, ಸಿಗಡಿ, ಮೆಣಸಿನಕಾಳಿನ ಪುಡಿ ಸೇರಿಸಿ ನೀರಿನ ಪಸೆ ಆರುವವರೆಗೆ ಹುರಿಯಬೇಕು. ಪಸೆ ಉಳಿದರೆ ಬನ್ನಿನ ತಳ ಒಡೆಯುತ್ತದೆ. ಮೈದಾ ಹಿಟ್ಟು ಉಬ್ಬಲಿಕ್ಕೆ ಒಂದು ಲೋಟ ಕಳ್ಳು. ಸರಕಾರ ಹೆಂಡ ನಿಷೇಧಿಸಿದ್ದ ದಾರೂಬಂದಿಯ ಕಾಲ ಅದು. ಕಳ್ಳು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಉಬ್ಬಿದ ಹಿಟ್ಟನ್ನು ಅಂಗೈಯಗಲ ತಟ್ಟಿ, ಪಲ್ಯ ಇಟ್ಟು, ಅಂಚು ಕೂಡಿಸಿ ಚಿವುಟಿ, ಚಿವುಟಿದ ಬದಿ ಕೆಳಗಾಗುವಂತೆ ತಗಡಿನ ಡಬ್ಬಿಯಲ್ಲಿ ಜೋಡಿಸುತ್ತಿದ್ದಳು. ಡಬ್ಬಿಯ ಕೆಳಗೂ ಕರಟದ ಕೆಂಡ, ಮುಚ್ಚಳದ ಮೇಲೂ ಕೆಂಡ.

ಲಕ್ಕಿಯನ್ನು ಭಟ್ಕಳದ ದಾಸನಿಗೆ ಕೊಡುವುದೆಂದು ವೀಳ್ಯ ಬದಲಾಯಿಸಿದ ದಿನ ಕಮಲಿ ಬುಟ್ಟಿಗಟ್ಟಲೆ ಬನ್ನು ಮಾಡಿದಳು. ಕೇರಿಗೆ ಕೇರಿಯೇ ಬಂದು ತಿಂದಿತು. ಜಾತಿಯ ಯಜಮಾನ ದೇವಪ್ಪ ಮೀಸೆಯ ತುಂಬ ಚೂರು ಅಂಟಿಸಿಕೊಂಡು ತಿಂದು, ಮನೆಗೂ ಕಟ್ಟಿಸಿಕೊಂಡು ಹೋದ. ಕಮಲಿಯ ನಾದಿನಿ ಬೆಳ್ಳಿಯೂ ತಿಂದಳು. ಆದರೆ ಅವಳ ಹೊಟ್ಟೆ ಬೇರೆ ಕಾರಣಕ್ಕೆ ಉರಿಯುತ್ತಿತ್ತು. ಲಕ್ಕಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವಳು ಕಾದಿದ್ದಳು. ಆ ಕುಡುಕನಿಗೆ ಕೊಡುವುದಿಲ್ಲವೆಂದು ಕಮಲಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು.

ಮರುದಿನ ಮೀನುಪೇಟೆಯಲ್ಲಿ ಬೆಳ್ಳಿ ಶುರುಮಾಡಿದಳು. "ಹೊರಗಿಂದ ಬನ್ನು ಕಾಣ್ತದೆ. ಒಳಗೆ ಎಂತ ತುಂಬ್ತಾಳೆ ಅಂತ ಕಂಡೋರು ಯಾರು? ಬಿಳೇರ ಮನೇಲಿ ಕಲ್ತದ್ದು ಅಲ್ದಾ? ಅವ್ರು ಎಂತ ತಿಂತಾರೆ ಅಂತ ನಾ ಬೇರೆ ಹೇಳ್ಬೇಕಾ?"

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಕಮಲಿ ತಿನ್ನಬಾರದ್ದನ್ನು ತುಂಬಿ ಜಾತಿಯನ್ನೇ ಕೆಡಿಸಿದಳು ಎಂಬ ಸುದ್ದಿ ಲಾಂಚು ಹತ್ತಿ ಶರಾವತಿ ದಾಟಿ ಭಟ್ಕಳ ಮುಟ್ಟಿತು. ಗಂಡಿನ ಕಡೆಯವರು ಹೇಳಿ ಕಳಿಸಿದರು: ಮೊದಲು ಜಾತಿಯವರ ತೀರ್ಮಾನ ಆಗಲಿ, ಆಮೇಲೆ ಮದುವೆ.

ಕಮಲಿಯ ಸಿಟ್ಟು ನೆತ್ತಿಗೇರಿತು. ಬೆಳ್ಳಿಯ ಜುಟ್ಟು ಹಿಡಿಯಲು ಹೊರಟವಳನ್ನು ಲಕ್ಕಿ ಅಡ್ಡಗಟ್ಟಿದಳು. "ಆಯಿ, ನಿನ್ನ ಕಾಲಿಗೆ ಬೀಳ್ತೇನೆ. ಸಭೇಲಿ ಜಗಳ ಮಾಡ್ಬೇಡ. ತಪ್ಪಾತು ಅಂದ್ಬಿಡು. ನಂಗೆ ಈ ಮದ್ವೆ ಬೇಕು."

ಕೇರಿಯ ದೇವರು ಜಟಗನ ಕಟ್ಟೆಯ ಎದುರು ಸಭೆ ಸೇರಿತು. ದೇವಪ್ಪ ಮೀಸೆ ತೀಡಿಕೊಂಡು ಮೆತ್ತಗೆ ಹೇಳಿದ, "ಕಮಲೀ, ದೊಡ್ಡದು ಮಾಡುದು ಬೇಡ. ದೇವ್ರಿಗೆ ಕಾಯಿ ಒಡಿ, ತಪ್ಪಾತು ಅನ್ನು, ತೀರ್ಥ ತಕಾ. ಮುಗೀತು."

"ಎಂತ ತಪ್ಪು ಮಾಡಿದ್ದೇನೆ ಯಜಮಾನ್ರೆ? ಒಳಗಿದ್ದದ್ದು ಶೆಟ್ಲಿ. ಬನ್ನಿ, ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸ್ತೇನೆ."

"ಇವತ್ತು ಮಾಡುದು ಬೇರೆ, ಆವತ್ತು ಮಾಡಿದ್ದು ಬೇರೆ. ತೋರ್ಸುಕೆ ಆವತ್ತಿಂದು ಒಂದಾದ್ರೂ ಉಳ್ದದ್ಯಾ?"

ಉಳಿದಿರಲಿಲ್ಲ. ಹೇಗೆ ಉಳಿದೀತು, ಇವರೇ ನುಂಗಿದ್ದರಲ್ಲ! ಕಮಲಿ ಸಭೆಯ ಒಂದೊಂದೇ ಮುಖ ನೋಡಿದಳು. ಬೇಕೋ ಬೇಕೋ ಎಂದು ಕೇಳಿ ಕೇಳಿ ಬಡಿಸಿದ್ದ ಮುಖಗಳು. ಎಲ್ಲವೂ ನೆಲ ನೋಡುತ್ತಿದ್ದವು. ಹೆಂಗಸರ ಗುಂಪಿನಿಂದ ಲಕ್ಕಿ ಕಣ್ಣಲ್ಲೇ ಬೇಡಿದಳು.

"ಆತು," ಅಂದಳು ಕಮಲಿ. "ತಪ್ಪಾತು."

ಸಭೆ ಉಸಿರು ಬಿಟ್ಟಿತು.

"ಒಳಗೆ ತಿನ್ನಬಾರದ್ದೇ ಇತ್ತು. ನಾನು ಮಾಡಿದೋಳು, ಕಾಯಿ ಒಡೀತೇನೆ, ತೀರ್ಥ ತಕಂತೇನೆ. ಇನ್ನು ತಿಂದೋರು ಎದ್ದು ಬರ್ಲಿ. ತಿಂದೋರಿಗೆ ಜಾತಿ ಎಂತ ಹೇಳ್ತದೆ, ನಾ ಹೇಳ್ಬೇಕಾ?"

ಯಾರಿಗೂ ಹೇಳಬೇಕಾಗಿರಲಿಲ್ಲ. ತಿಂದು ಕೆಟ್ಟವನು ಮೀಸೆ ಬೋಳಿಸಬೇಕು, ಉಪವಾಸ ಇದ್ದು ಶುದ್ಧ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ದೋಣಿ ಮುಟ್ಟುವಂತಿಲ್ಲ. ಬಂಗಡೆಯ ಹಿಂಡು ದಡಕ್ಕೆ ಬಂದಿದ್ದ ಸುಗ್ಗಿಯ ಹೊತ್ತು ಅದು.

"ಯಜಮಾನ್ರೆ, ಮೊದ್ಲು ನಿಮ್ಮ ಮೀಸೆ. ಮನೆಗೆ ಕಟ್ಟಿಸ್ಕಂಡು ಹೋದ್ರಲ್ಲ, ಮನೆಯೋರ್ನೂ ಕರೀರಿ. ಬೆಳ್ಳೀ, ನೀನೂ ಏಳು."

ದೇವಪ್ಪನ ಕೈ ಮೀಸೆಯ ಮೇಲೇ ನಿಂತಿತು. "ಎಂತ ಹುಚ್ಚು ಮಾತು! ಅದು ಶೆಟ್ಲಿ. ಹುಟ್ಟಿದಾಗಿಂದ ಶೆಟ್ಲಿ ತಿಂದೋನಿಗೆ ಅದ್ರ ರುಚಿ ಗೊತ್ತಾಗುದಿಲ್ವಾ?"

"ಶೆಟ್ಲಿಯೇ, ಶೆಟ್ಲಿಯೇ," ಅಂದಿತು ಸಭೆ. ನನ್ನ ಹಲ್ಲಿಗೆ ಸಿಪ್ಪೆ ಸಿಕ್ಕಿತ್ತು ಅಂದ ಒಬ್ಬ. ಬೆಳ್ಳಿಯನ್ನು ಕೇಳಿದರು. ಅವಳು ಸೆರಗಿನ ತುದಿ ಹಿಂಡುತ್ತ, "ಶೆಟ್ಲಿ," ಎಂದು ಗೊಣಗಿದಳು.

"ಹಾಂಗಾರೆ ಮುಗೀತು," ಎಂದು ದೇವಪ್ಪ ಎದ್ದ. "ಕಮಲೀದು ತಪ್ಪಿಲ್ಲ. ಭಟ್ಕಳಕ್ಕೆ ಇವತ್ತೇ ಹೇಳಿ ಕಳಿಸ್ತೇನೆ."

ಗೆದ್ದವಳು ನಗಬೇಕಿತ್ತು. ಕಮಲಿಗೆ ಅಳುವಷ್ಟು ಸಿಟ್ಟು ಬಂತು.

"ಅಂದ್ರೆ ಬಾಯಿಗಿಟ್ಟ ದಿನವೇ ಗೊತ್ತಿತ್ತು ನಿಮ್ಗೆಲ್ಲ. ಗೊತ್ತಿದ್ದೂ ನನ್ನ ಹತ್ರ ತಪ್ಪಾತು ಅನ್ಸುಕೆ ಕೂತಿದ್ರಿ. ಮೀಸೆಗೆ ಬಂದಾಗ ನಾಲಿಗೆಗೆ ರುಚಿ ಬಂತಾ?"

"ಬಿಡು ಮಾರಾಯ್ತಿ, ಆದದ್ದು ಆತು," ಎಂದು ಯಾರೋ ಹೇಳಿದರು. ಒಬ್ಬೊಬ್ಬರಾಗಿ ಚದುರಿದರು.

ಮದುವೆ ಚೆನ್ನಾಗಿಯೇ ಆಯಿತು. ಕಮಲಿ ಕೇರಿಯವರನ್ನೆಲ್ಲ ಕರೆದಳು, ಬೆಳ್ಳಿಯನ್ನೂ ಬಿಡಲಿಲ್ಲ. ಅನ್ನ, ಮೀನುಸಾರು, ಪಾಯಸ ಕೊರತೆಯಿಲ್ಲದೆ ಬಡಿಸಿದಳು. ಪಂಕ್ತಿಯಲ್ಲಿ ಕೂತ ದೇವಪ್ಪ ಎಲೆಯ ಮೇಲೆಲ್ಲ ಕಣ್ಣಾಡಿಸಿ ಕೇಳಿದ, "ಹೊಟ್ಟೆಬನ್ನು ಎಲ್ಲಿ ಕಮಲೀ?"

"ತಪ್ಪಾತು ಅನ್ನಿ ಯಜಮಾನ್ರೆ, ಮಾಡ್ತೇನೆ."

ದೇವಪ್ಪ ಗಟ್ಟಿಯಾಗಿ ನಕ್ಕು ಅನ್ನಕ್ಕೆ ಕೈ ಹಾಕಿದ. ಪಂಕ್ತಿಯೂ ನಕ್ಕಿತು. ಕಮಲಿ ನಗಲಿಲ್ಲ. ಯಾರೂ ತಪ್ಪಾತು ಅನ್ನಲಿಲ್ಲ, ಕೇರಿಯಲ್ಲಿ ಮತ್ತೆ ಯಾರೂ ಆ ಬನ್ನು ತಿನ್ನಲಿಲ್ಲ.